‘ದೂರಾನ್ರೀ?’ ಎನ್ನುತ್ತಿದ್ದ ತಿಪ್ಪೇಸ್ವಾಮಿ

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳದ ಆಟೋ ಡ್ರೈವರ್ ಚಿತ್ರದುರ್ಗದಲ್ಲಿ ಒಬ್ಬನೇ ಇದ್ದ, ನಮ್ಮ ತಿಪ್ಪೇಸ್ವಾಮಿ. ಗೇಟಿನ ಮುಂದೆ ಎರಡು ಸಲ ಹಾರ್ನ್ ಹೊಡೆದು, ಟವೆಲ್ಲಿನಿಂದ ಸೀಟು ಕೊಡವಿ, ‘ದೂರಾನ್ರೀ, ಟೀಚರಮ್ಮ?’ ಎನ್ನುತ್ತಿದ್ದ. ‘ಸೂಪರ್‌ಸ್ಟಿಷನ್!’ ಎಂದು ಕಾನ್ವೆಂಟಿನಲ್ಲಿ ಓದಿದ ನಾನು ನಕ್ಕರೆ, ‘ನಿಮ್ ಕಾನ್ವೆಂಟ್ ಸಿಸ್ಟರ್‌ಗೆ ಏನ್ ಗೊತ್ರೀ? ಹೊಂಟೋರನ್ನ ಎಲ್ಲಿಗೆ ಅಂದ್ರೆ ಹೋದ್ ಕೆಲಸ ಕೆಡ್ತೈತೆ’ ಎಂದು ನನಗೇ ಪಾಠ ಹೇಳುತ್ತಿದ್ದ.

ಗಾಂಧಿ ಸರ್ಕಲ್ಲಿನ ಟ್ರಾಫಿಕ್ಕಿಗೆ ಅವನು ಸಿಕ್ಕಿದವನಲ್ಲ. ದೊಡ್ಡಪೇಟೆಯ ಸಂದಿಗಳಲ್ಲಿ, ಯಾರೋ ಒಣಹಾಕಿದ ಸೀರೆಯ ಕೆಳಗೇ ನುಗ್ಗಿಬಿಡುತ್ತಿದ್ದ. ಮೊಬೈಲಿನಲ್ಲಿ ಆಟೋ ಕರೆಸುವ ಆ್ಯಪ್ ಬಂದಾಗ, ‘ಆ ಡಬ್ಬೀಲಿ ಕುಂತಿರೋ ಹೆಂಗಸು ನಂಗೆ ದುರ್ಗದ ದಾರಿ ತೋರಿಸ್ತಾಳಾ? ನಾ ಸೇರಲ್ರೀ’ ಎಂದಿದ್ದ. ನನಗೆ ಹೆಮ್ಮೆಯಾಗಿತ್ತು. ಅವನಿಗಾಗಿ ನಾನೂ ಆ್ಯಪ್ ಹಾಕಿಸಿಕೊಳ್ಳಲಿಲ್ಲ.

ನನ್ನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ನಿಜಕ್ಕೂ ನರ್ವಸ್ ಆಗಿದ್ದೆ. ‘ನಾನಿದೀನಲ್ರೀ’ ಎಂದು ಮಾತು ಕೊಟ್ಟವನು ಆ ಬೆಳಿಗ್ಗೆ ಫೋನ್ ಮಾಡಿದ: ‘ಗಾಡಿ ಗ್ಯಾರೇಜಲ್ಲೈತ್ರೀ. ತಪ್ಪು ತಿಳ್ಕಬ್ಯಾಡ್ರಿ.’

ಪಕ್ಕದ ಮನೆಯ ಶೈಲಜಾ ತನ್ನ ಮೊಬೈಲಿನಲ್ಲೇ ಆಟೋ ಬುಕ್ ಮಾಡಿದಳು. ‘ಡ್ರೈವರ್ ತಿಪ್ಪೇಸ್ವಾಮಿ ಅಂತೆ ಆಂಟಿ’ ಎಂದಳು. ಆ ಹೆಸರು ಕೂಗಿದರೆ ನಮ್ಮೂರಿನಲ್ಲಿ ನಾಲ್ಕು ಜನ ತಿರುಗಿ ನೋಡುತ್ತಾರೆ, ನಾನು ಗಮನಿಸಲಿಲ್ಲ. ಅಷ್ಟರಲ್ಲಿ ಡ್ರೈವರನ ಫೋನ್ ಬಂತು. ಶೈಲಜಾ ಸ್ಪೀಕರ್ ಒತ್ತಿದಳು.

‘ಹಲೋ, ಎಲ್ಲಿಗ್ರೀ?’

ಅವನದೇ ದನಿ.

ಆಟೋ ಬಂತು, ಹಾರ್ನ್ ಇಲ್ಲ. ನನ್ನನ್ನು ಕಂಡವನ ಕೈ ಟವೆಲ್ಲಿಗೆ ಹೋಗಿ ಅಲ್ಲೇ ನಿಂತಿತು. ಡಬ್ಬಿಯ ಹೆಂಗಸು ಹೇಳಿದ ದಾರಿ ಹಿಡಿದು ಗಾಂಧಿ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡೆವು. ಸುತ್ತಲಿನ ಆಟೋಗಳಲ್ಲೂ ಅವಳೇ ಮಾತಾಡುತ್ತಿದ್ದಳು.

‘ಸಂದಿ ಮರೆತುಹೋಯಿತೇನಪ್ಪ?’ ಎಂದೆ.

‘ಸ್ಟ್ಯಾಂಡಲ್ಲಿ ಕುಂತ್ರೆ ಈಗ ಯಾರೂ ಬರಲ್ರೀ. ಈ ಆ್ಯಪಲ್ಲಿ ಬೆಳಿಗ್ಗೆ ಟ್ರಿಪ್ ತಪ್ಪಿಸ್ಕಂಡ್ರೆ ದಿನವೆಲ್ಲ ಖಾಲಿ.’

‘ನನಗೆ ಹೇಳಬಹುದಿತ್ತಲ್ಲ?’

‘ಯಾವ ಮುಖ ಇಟ್ಕಂಡು ಹೇಳ್ಲಿ?’

ಆಸ್ಪತ್ರೆಯಲ್ಲಿ ಇಳಿದಾಗ ‘ಕಾಯ್ತೀನ್ರೀ’ ಎಂದ. ‘ನೋ, ಥ್ಯಾಂಕ್ಯೂ’ ಎಂದುಬಿಟ್ಟೆ. ಅಷ್ಟು ತಣ್ಣಗಿನ ಮಾತು ನನಗೆ ಕನ್ನಡದಲ್ಲಿ ಬರುವುದಿಲ್ಲ. ಮತ್ತೆ ಅವನು ಬರಲಿಲ್ಲ, ನಾನೂ ಕರೆಯಲಿಲ್ಲ.

ಈಗ ಕಣ್ಣು ಚೆನ್ನಾಗಿದೆ. ನನ್ನ ಮೊಬೈಲಿನಲ್ಲೂ ಆ್ಯಪ್ ಇದೆ. ತಿಪ್ಪೇಸ್ವಾಮಿ ಎಂಬ ಹೆಸರು ಕಂಡರೆ ಶಾಲು ಹೊದ್ದು ಆಗಲೇ ಗೇಟಿಗೆ ಹೋಗಿ ನಿಲ್ಲುತ್ತೇನೆ. ಫೋನ್ ಬರುತ್ತದೆ. ‘ಎಲ್ಲಿಗೆ ಮೇಡಂ?’ ಬೇರೆ ಯಾರದೋ ದನಿ.

‘ದೂರ’ ಎನ್ನುತ್ತೇನೆ.