ಬಳೆಗಾರವ್ವನ ಕಾಲು

ಮೊನ್ನೆ ಕ್ಲಿನಿಕ್ಕಿನ ಕಸ ಗುಡಿಸುವಾಗ ಮಂಚದ ಕೆಳಗೆ ಹಸಿರು ಬಳೆಯ ಚೂರೊಂದು ಸಿಕ್ಕಿತು. ಯಾರದೋ ಏನೋ... ನನಗೆ ಮಾತ್ರ ಬಳೆಗಾರವ್ವ ನೆನಪಾದರು.

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದವರು. ನನ್ನ ಮದುವೆಗೂ ಅವರೇ ತೊಡಿಸಿದ್ದು. ಎಷ್ಟೇ ಬಿಗಿ ಬಳೆಯಿರಲಿ, ಅದೂ ಇದೂ ಮಾತಾಡುತ್ತಲೇ ಏರಿಸಿಬಿಡುತ್ತಿದ್ದರು. ಸಕ್ಕರೆ ಕಾಯಿಲೆ ಹಳೆಯದು. ಮೊಣಕಾಲು ನೋವೆಂದು ನನ್ನ ಬಳಿ ಬರತೊಡಗಿದಾಗ ನಾನು ಅಕ್ಯುಪಂಕ್ಚರ್ ಕಲಿತು ಹೊಸದಾಗಿ ಕ್ಲಿನಿಕ್ ತೆರೆದಿದ್ದೆ. ಅವರಿಗೆ ಸೂಜಿಯೆಂದರೆ ಜೀವ ಹೋಗುವಷ್ಟು ಹೆದರಿಕೆ.

"ಸೂಜಿ ಬ್ಯಾಡ ಬಿಡ್ರಿ. ಈ ಲೇಸರ್ ಬೆಳಕ ಹಿಡಿದ್ರ ಸಾಕು, ಒಂಚೂರೂ ನೋಯಂಗಿಲ್ಲ," ಎಂದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಪೆನ್ನಿನಂಥ ಆ ಯಂತ್ರದ ಮೇಲೆ ನನ್ನ ಹೆಮ್ಮೆಯೂ ಹಾಗೇ ಇತ್ತು.

ಒಂದು ದಿನ ಅವರು ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮೊಣಕಾಲು ನೋವಿಗೆ ಒತ್ತುವ ಬಿಂದುವೆಂದು ಕಾಲ್ಬೆರಳ ಸಂದಿಯಲ್ಲಿ ಆ ಲೇಸರ್ ಪೆನ್ನಿನ ತುದಿಯನ್ನು ಗುರುತು ಮೂಡುವಷ್ಟು ಒತ್ತಿದೆ.

"ಗೊತ್ತಾಗಾಕತ್ತದೇನ್ರಿ?"

"ಏನೂ ಗೊತ್ತಾಗವಲ್ದು ಯವ್ವಾ."

"ಊರೆಲ್ಲಾ ತಿರುಗಿ ನಿಮ್ಮ ಕಾಲು ಶಹಾಬಾದಿ ಪರಸಿ ಕಲ್ಲ ಆಗ್ಯಾವ ಬಿಡ್ರಿ!" ಎಂದು ನಕ್ಕೆ. ಅವರೂ ನಕ್ಕರು. ಸಕ್ಕರೆ ಕಾಯಿಲೆಯವರ ಪಾದ ಸ್ಪರ್ಶ ಕಳೆದುಕೊಳ್ಳುತ್ತದೆಂದು ನಾನು ಓದಿದ್ದೆ. ಓದಿಯೂ ನಕ್ಕೆ... ನೋಯುವುದಿಲ್ಲ ಎಂದ ನನ್ನ ಮಾತು ನಿಜವಾಯಿತೆಂದು ಒಳಗೊಳಗೇ ಬೀಗಿದೆ. ದೊಡ್ಡಾಸ್ಪತ್ರೆಗೆ ತೋರಿಸಿ ಎನ್ನಲಿಲ್ಲ.

ಆ ತಿಂಗಳೇ ಅವರ ಅಂಗಾಲಿಗೆ ಗಾಜಿನ ಚೂರು ನಟ್ಟಿತು. ಗೊತ್ತಾಗದೆ ನಾಲ್ಕಾರು ದಿನ ಅದರ ಮೇಲೆಯೇ ಓಡಾಡಿದರಂತೆ. ಕೆಟ್ಟ ವಾಸನೆ ಬಂದಾಗಲೇ ಮನೆಯವರು ನೋಡಿದ್ದು. ಕಲಬುರಗಿಯ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿ ತೆಗೆದರು.

ತಪ್ಪು ಒಪ್ಪಿಕೊಳ್ಳಬೇಕೆಂದೇ ನೋಡಲು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಪಕ್ಕದ ಮಂಚದವಳಿಗೆ, "ಈಕಿ ಕೈ ಭಾಳ ಹಗುರ ಅದ ನೋಡವ್ವಾ. ಒಂದಿನಾನೂ ನನಗ ನೋಯಿಸ್ಲಿಲ್ಲ," ಎಂದರು. ಜೀವಮಾನವೆಲ್ಲ ಬಳೆ ತೊಡಿಸಿದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬಾಳೆಹಣ್ಣು ಇಟ್ಟು ಎದ್ದು ಬಂದೆ. ಇನ್ನೊಮ್ಮೆ ಹೋದಾಗ ಹೇಳಿದರಾಯಿತು ಎಂದುಕೊಂಡೆ... ಮುಂದಿನ ಯುಗಾದಿಯನ್ನು ಅವರು ಕಾಣಲಿಲ್ಲ.

ಈಗ ಯಾರೇ ಬರಲಿ, ಲೇಸರ್ ಮುಟ್ಟುವ ಮೊದಲು ಅವರಿಗೆ ಕಣ್ಣು ಮುಚ್ಚಲು ಹೇಳಿ, ಕಾಲ್ಬೆರಳಿಗೆ ಹತ್ತಿ ಸವರಿ ಕೇಳುತ್ತೇನೆ. ಗೊತ್ತಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಕಳಿಸುತ್ತೇನೆ. ಹೋದ ವಾರ ರಾವೂರಿನ ಹೆಣ್ಣುಮಗಳೊಬ್ಬಳು, "ಇಷ್ಟ ಕಾಳಜಿ ಮಾಡೂದು ಎಲ್ಲಿ ಕಲತ್ರಿ ಮೇಡಂ?" ಎಂದು ಕೇಳಿದಳು.

"ಕಾಲೇಜಿನಾಗ," ಎಂದು ಸುಳ್ಳು ಹೇಳಿದೆ.