ನಮ್ಮ ಮನೆಯ ಕಷ್ಟ ಸಾಲಲಿಲ್ಲ

ಪಾಮನಕಲ್ಲೂರಿನಲ್ಲಿ ನನ್ನನ್ನು ಎರಡು ರೀತಿಯಲ್ಲಿ ಗುರುತಿಸುತ್ತಾರೆ. ಒಂದು, ಕುರಿಯವರ ಮಗಳು. ಇನ್ನೊಂದು, ದಿಲ್ಲಿಗೆ ಹೋಗಬೇಕಾಗಿದ್ದ ಹುಡುಗಿ. ಮೊದಲನೆಯದು ಅಪ್ಪಟ ನಿಜ. ಎರಡನೆಯದರಲ್ಲಿ ಒಂದು ತಿದ್ದುಪಡಿ ಇದೆ. ದಿಲ್ಲಿಯವರು ನನ್ನನ್ನು ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ. ನಾನು ಅರ್ಜಿಯನ್ನೇ ಹಾಕಲಿಲ್ಲ.

ಆಗ ಮಸ್ಕಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಸರ್ ಬಹಳ ಒಳ್ಳೆಯವರು, ಆದರೆ ಏನಾದರೂ ಒಮ್ಮೆ ತಲೆಗೆ ಹೊಕ್ಕಿತೆಂದರೆ ಬಿಡುವವರಲ್ಲ. ದಿಲ್ಲಿಯ ಹತ್ತಿರ ಒಂದು ಭಾರಿ ಹೆಸರಿನ ವಿಶ್ವವಿದ್ಯಾಲಯ ಇದೆ, ಬಡ ಮಕ್ಕಳಿಗೆ ಅಲ್ಲಿ ಓದು, ಊಟ, ವಸತಿ ಎಲ್ಲ ಪುಕ್ಕಟೆ ಎಂದು ಅವರು ಎಲ್ಲೋ ಓದಿದ್ದರು. ನನ್ನ ಅಂಕಪಟ್ಟಿ ನೋಡಿದ ದಿನದಿಂದ ಶುರುವಾಯಿತು. ಕಾರಿಡಾರಿನಲ್ಲಿ ಸಿಕ್ಕರೆ ಅರ್ಜಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಅರ್ಜಿ. ಕೊನೆಗೆ ನಾನು ಹೂಂ ಅಂದೆ. ನನಗೂ ಒಳಗೊಳಗೆ ಆಸೆ ಇತ್ತು ಅನ್ನಿ.

ಅರ್ಜಿಯಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು. ನೀವು ಎದುರಿಸಿದ ಕಷ್ಟ ಯಾವುದು, ಅದನ್ನು ಹೇಗೆ ಗೆದ್ದಿರಿ ಎಂದು ಕೇಳಿದ್ದರು. ನಾನು ಒಂದು ದಿನವೆಲ್ಲ ಯೋಚಿಸಿ ಕುರಿ ಎಣಿಸುವುದರ ಬಗ್ಗೆ ಬರೆದೆ. ಸಂಜೆ ಅಪ್ಪ ಕುರಿ ಹೊಡೆದುಕೊಂಡು ಬಂದಾಗ ಹಟ್ಟಿಯ ಬಾಗಿಲಲ್ಲಿ ನಿಂತು ಎಣಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಒಮ್ಮೆ ಒಂದು ಕಡಿಮೆ ಬಂತು. ಅಳುತ್ತ ಹಳ್ಳದವರೆಗೆ ಹುಡುಕಿಕೊಂಡು ಹೋಗಿ ಬಂದರೆ, ಅದು ಅಂದೇ ಹುಟ್ಟಿದ ಮರಿಯ ತಾಯಿ, ಹಟ್ಟಿಯ ಹಿಂದೆ ಆರಾಮ ನಿಂತಿತ್ತು. ಮರಿ ಅಪ್ಪನ ಕಂಬಳಿಯೊಳಗಿತ್ತು. ಅಪ್ಪನಿಗೆ ಎಣಿಕೆಯ ಅಗತ್ಯವೇ ಇಲ್ಲ, ಒಂದು ಸಲ ಕಣ್ಣಾಡಿಸಿದರೆ ಯಾವುದು ಬಂದಿಲ್ಲ ಎಂದು ಗೊತ್ತಾಗುತ್ತದೆ. ನನಗೆ ಎಣಿಸುವುದು ಬರಲಿ ಎಂದು ಅಷ್ಟು ವರ್ಷ ಸುಮ್ಮನಿದ್ದ.

ಸರ್ ಓದಿ ನಕ್ಕರು. ಆಮೇಲೆ ಕನ್ನಡಕ ತೆಗೆದು, "ಚಲೋ ಬರದಿ. ಆದ್ರ ಇದರಾಗ ಕಷ್ಟ ಸಾಲಂಗಿಲ್ಲ" ಅಂದರು.

ಕಷ್ಟ ಹೆಚ್ಚಿಸುವ ಕೆಲಸ ಶುರುವಾಯಿತು. ಸರ್ ಸುಳ್ಳು ಹೇಳಿಸುವ ಮನುಷ್ಯರಲ್ಲ, ಹುಡುಗಿಗೆ ಸೀಟು ಸಿಗಲಿ ಎನ್ನುವುದಷ್ಟೇ ಅವರ ತಲೆಯಲ್ಲಿತ್ತು. ಇಲ್ಲೊಂದು ಚೂರು, ಅಲ್ಲೊಂದು ಚೂರು ಅನ್ನುತ್ತ ಹೋದರು. ಎರಡನೇ ಪ್ರತಿಯಲ್ಲಿ ನಮ್ಮ ಮನೆಯ ಕರೆಂಟು ಆಗಾಗ ಹೋಗುತ್ತಿತ್ತು. ಮೂರನೆಯದರಲ್ಲಿ ಕರೆಂಟೇ ಇರಲಿಲ್ಲ. ದಿನಾ ಬಸ್ಸಿನ ಕಿಟಕಿ ಪಕ್ಕ ಜಗಳವಾಡಿ ಸೀಟು ಹಿಡಿಯುತ್ತಿದ್ದ ನಾನು, ನಾಲ್ಕನೆಯ ಹೊತ್ತಿಗೆ ಬರಿಗಾಲಲ್ಲಿ ಕಾಲೇಜಿಗೆ ನಡೆಯುತ್ತಿದ್ದೆ. ಅಪ್ಪ, ಮಗಳ ಓದೆಂದರೆ ಏನೆಂದೇ ತಿಳಿಯದ, ಶಾಲೆಯ ಕಡೆ ತಲೆ ಹಾಕಿ ಮಲಗದ ಕುರಿಗಾಹಿಯಾದ. ನಿಜವಾದ ಅಪ್ಪ ಪಾಲಕರ ಸಭೆಗೆ ಎಲ್ಲರಿಗಿಂತ ಮೊದಲೇ ಬಂದು, ಮುಂದಿನ ಬೆಂಚಿನಲ್ಲಿ ಕೂತು, ಲೆಕ್ಕದಲ್ಲಿ ನಾಲ್ಕು ಅಂಕ ಎಲ್ಲಿ ಹೋದವು ಎಂದು ಕೇಳುವವನು.

ಐದನೇ ಪ್ರತಿ ಮುಗಿದ ಸಂಜೆ ಅಪ್ಪ ಅದನ್ನು ಓದಿ ಹೇಳು ಅಂದ. ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದೆ. ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅರ್ಧ ಕೇಳಿ ಅವಳ ಕೈ ನಿಂತಿತು.

"ಪಾಪ, ಯಾರ ಮನಿಯವ್ವ ಇದು? ನಾಕ ರೊಟ್ಟಿ ಕೊಡತೀನಿ, ಕೊಟ್ಟ ಬಾ" ಅಂದಳು.

ನಮ್ಮದೇ ಎಂದು ಹೇಳಿದೆ. ಅವ್ವ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ಒಮ್ಮೆ ನೋಡಿದಳು, ನನ್ನ ಕಾಲಲ್ಲಿದ್ದ ಚಪ್ಪಲಿಯನ್ನು ಒಮ್ಮೆ ನೋಡಿದಳು, ಮತ್ತೆ ಬೇಳೆಗೆ ಕೈ ಹಾಕಿದಳು.

ಅಪ್ಪ ಸಿಟ್ಟಾಗಲಿಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಕುರಿ ಸಂತೆಯಲ್ಲಿ ಅವನನ್ನು ನೋಡಿದವರಿಗೆ ಗೊತ್ತು. ಟಗರಿನ ಗದ್ದ ಹಿಡಿದು ತಲೆ ಎತ್ತಿಸಿ, ಬೆನ್ನ ಮೇಲೆ ಕೈಯಾಡಿಸಿ, ಚೆಂದದ ಮಗ್ಗುಲು ಗಿರಾಕಿಯ ಕಡೆ ಬರುವಂತೆ ನಿಲ್ಲಿಸುತ್ತಾನೆ. ತನ್ನ ಮಾಲನ್ನು ತಾನೇ ಹಳಿಯುವುದು ಆ ಸಂತೆಯಲ್ಲಿ ಯಾರೂ ಕಂಡಿಲ್ಲ.

"ಟಗರು ಮಾರಾಕ ಹೋದಾಗ ಇದು ಕುಂಟತೈತಿ ಅಂತ ನಾವ ಹೇಳತೀವೇನು?" ಎಂದು ಕೇಳಿದ.

"ಅಲ್ಲಿ ಹಂಗ ಹೇಳಿದ್ರನ ತಗೋತಾರ, ಯಪ್ಪಾ. ಮೊದಲ ಬರದದ್ದರಾಗ ಕಷ್ಟ ಸಾಲಂಗಿಲ್ಲ ಅಂದ್ರು ಸರ್."

ಅಪ್ಪ ಗದ್ದ ಕೆರೆದುಕೊಂಡ. "ಹಂಗಾದ್ರ ಬರಿ. ಬೇಕಾದ್ರ ನಾನ ಕುಂಟತೀನಿ ಅಂತ ಬರಿ. ನಿನಗ ಹೋಗೂ ಮನಸಿದ್ರ ಹೋಗು" ಅಂದು ಕಂಬಳಿ ಕೊಡವಿ ಎದ್ದ.

ಅರ್ಜಿಯ ಕೊನೆಯ ದಿನ ಸಿಂಧನೂರಿನ ಆನ್‌ಲೈನ್ ಸೆಂಟರಿಗೆ ಹೋದೆ. ಫೋಟೊ, ಅಂಕಪಟ್ಟಿ, ಐದನೇ ಪ್ರತಿ ಎಲ್ಲ ಕಂಪ್ಯೂಟರಿಗೆ ಏರಿತು. ಸೆಂಟರಿನವನು ಮೌಸಿನ ಮೇಲೆ ಬೆರಳಿಟ್ಟು ಕಳಸಲೇನು ಎಂದು ಕೇಳಿದ. ಹಿಂದೆ ರೇಷನ್ ಕಾರ್ಡಿನ ತಿದ್ದುಪಡಿಗೆ ಬಂದವರು ಬೇಗ ಬೇಗ ಅನ್ನುತ್ತಿದ್ದರು. ನಾನು ಬ್ಯಾಡ ಅಂದೆ. ಅವನು ಮತ್ತೊಮ್ಮೆ ಕೇಳಿದ, ನಾನು ಮತ್ತೊಮ್ಮೆ ಬ್ಯಾಡ ಅಂದು ಹೊರಗೆ ಬಂದೆ. ಅಪ್ಪನನ್ನು ಕುಂಟಿಸಿ ಸೀಟು ತಗೊಳ್ಳುವ ಮಗಳು ನಾನಲ್ಲ ಎನ್ನುವ ಹೆಮ್ಮೆಯಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ನಾಲ್ಕು ಮಿರ್ಚಿ ಭಜಿ ತಿಂದೆ. ಭಾರಿ ರುಚಿಯಾಗಿದ್ದವು. ಜೂನ್ ಬಂದಾಗ ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ ಬಸ್ ಪಾಸು ಮಾಡಿಸಿದೆ.

ಬರಹದಲ್ಲಿ ಅಪ್ಪನ ಮಾನ ಉಳಿಸಿದೆ ಅಂದುಕೊಂಡರೆ, ಊರಲ್ಲಿ ಅದು ಹರಾಜಿಗೆ ಬಂದಿತ್ತು. ಓದುವ ಹುಡುಗಿಯನ್ನು ಅಪ್ಪ ಕಳಿಸಲಿಲ್ಲವಂತೆ. ನಳದ ಹತ್ತಿರ ಇದೇ ಮಾತು, ಸಂತೆಕಲ್ಲೂರಿಗೆ ಹೋಗುವ ಆಟೊದಲ್ಲಿ ಇದೇ ಮಾತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಸಿಕ್ಕಸಿಕ್ಕವರ ಜೊತೆ ಜಗಳಕ್ಕೆ ನಿಂತೆ. ಬೇಡ ಅಂದವಳು ನಾನೇ ಎಂದು ಎಷ್ಟು ಹೇಳಿದರೂ, ಅಪ್ಪನ ಅಂಜಿಕೆಗೆ ಹೀಗೆ ಹೇಳುತ್ತಾಳೆ ಎಂದು ಮರುಗುತ್ತಿದ್ದರು. ಮಸ್ಕಿಯಲ್ಲಿ ಸಿಕ್ಕ ಇಂಗ್ಲಿಷ್ ಸರ್ ಕೂಡ, ತಾವೇ ಬಂದು ಅಪ್ಪನಿಗೆ ತಿಳಿಸಿ ಹೇಳಬೇಕಿತ್ತು ಎಂದು ನೊಂದುಕೊಂಡರು. ಇಷ್ಟೊಂದು ಮಂದಿಗೆ ಈ ಸುಳ್ಳನ್ನು ಹಂಚಿದವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಲಿಂಗಸುಗೂರಿನಿಂದ ಬಂದು ಊರಲ್ಲಿ ಇಳಿದೆ. ಬಸ್ ನಿಲ್ಲುವಲ್ಲಿ ಒಂದು ಚಹಾದ ಹೋಟೆಲಿದೆ. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ನಾಲ್ಕೈದು ಮಂದಿಯ ನಡುವೆ ಕೂತಿದ್ದ. "ನಾನ ಬ್ಯಾಡ ಅಂದೆ. ಹೆಣ್ಣಹುಡುಗಿ, ಅಷ್ಟ ದೂರ ಯಾಕ ಬೇಕು ಅಂತ" ಎಂದು ಹೇಳುತ್ತಿದ್ದ. ಅವನ ದನಿಯಲ್ಲಿ ಸಂತೆಯ ಠೀವಿ ಇತ್ತು. ಎಷ್ಟೋ ಸಲ ಹೇಳಿ ರೂಢಿಯಾದ ಮಾತು ಎಂದು ಕೇಳಿದರೇ ಗೊತ್ತಾಗುತ್ತಿತ್ತು.

ಮನೆಯ ದಾರಿಯಲ್ಲಿ ಅವನನ್ನು ಹಿಡಿದೆ. ಯಾಕೆ ಹೀಗೆ ಸುಳ್ಳು ಹೇಳುತ್ತೀ ಎಂದು ಕೂಗಾಡಿದೆ. ಅವನು ನನ್ನ ಉಸಿರು ಇಳಿಯುವ ತನಕ ಕಾದ.

"ನೀ ಅಂಜಿದಿ ಅಂತ ಮಂದಿ ಅಂದ್ರ ನಿನಗ ನಾಚಿಕಿ. ನಾ ಕಳಸಲಿಲ್ಲ ಅಂದ್ರ ನನಗೇನು ಕಡಿಮಿ ಆಗತೈತಿ?"

"ನಾ ಎಲ್ಲಿ ಅಂಜೀನಿ?"

"ಅರ್ಜಿ ಹಾಕೂ ವಾರ ದಿನಾ ಕುರಿ ಎರಡೆರಡ ಸಲ ಎಣಸಾಕತ್ತಿದ್ದಿ, ಯವ್ವಾ."

ಎಣಿಸಿದ್ದು ನಿಜ. ಒಮ್ಮೆ ಎಣಿಸಿ, ಎಲ್ಲ ಸರಿಯಿದ್ದರೂ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಯಾಕೆಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಆ ದೂರದ ಊರು, ಪಟಪಟ ಇಂಗ್ಲಿಷ್ ಮಾತಾಡುವ ಹುಡುಗಿಯರು, ನಾನು ಬಾಯಿ ಬಿಟ್ಟರೆ ಅವರು ಒಬ್ಬರ ಮುಖ ಒಬ್ಬರು ನೋಡುವುದು, ಇದಕ್ಕೆಲ್ಲ ನಾನು ಅಂಜಿದ್ದೆ. ಪ್ರಬಂಧದ ಮೇಲಿನ ಸಿಟ್ಟು ಸುಳ್ಳಲ್ಲ. ಆದರೆ ಆ ಸಿಟ್ಟು ಸಿಗದೇ ಹೋಗಿದ್ದರೆ ನಾನು ಬೇರೆ ಏನಾದರೂ ಹುಡುಕಿಕೊಳ್ಳುತ್ತಿದ್ದೆ. ಸಿಂಧನೂರಿನಲ್ಲಿ ಮಿರ್ಚಿ ಅಷ್ಟು ರುಚಿಯಾಗಿದ್ದದ್ದು ಯಾಕೆಂದು ಅಂದು ಗೊತ್ತಾಯಿತು, ನಾಚಿಕೆಯೂ ಆಯಿತು.

ಮರುದಿನ ಬಸ್ಸಿಳಿದು ಸೀದಾ ಆ ಹೋಟೆಲಿನ ಒಳಗೆ ಹೋದೆ. ನಮ್ಮೂರಲ್ಲಿ ಹೆಣ್ಣುಮಕ್ಕಳು ಅಲ್ಲಿ ಕಾಲಿಡುವುದಿಲ್ಲ, ಹೀಗಾಗಿ ಎಲ್ಲರೂ ಕಪ್ಪು ಕೆಳಗಿಟ್ಟರು. ಅಪ್ಪ ಹಿಂದಿನ ದಿನದ ಜಾಗದಲ್ಲೇ ಕೂತಿದ್ದ.

"ನಮ್ಮಪ್ಪ ಹೋಗು ಅಂದಿದ್ದ. ಅಂಜಿ ಬಿಟ್ಟಾಕಿ ನಾ" ಅಂದೆ.

ಈ ಸಲ ನಂಬಿದರು ಎಂದು ಅವರ ಮುಖ ನೋಡಿದರೇ ತಿಳಿಯಿತು. ಅಪ್ಪ ಬೆಂಚಿನಲ್ಲಿ ಸರಿದು ಜಾಗ ಮಾಡಿದ, ಇನ್ನೊಂದು ಚಹಾ ಹೇಳಿದ. ನಾನು ಕೂತ ಮೇಲೆ ನನ್ನ ಕಡೆ ಬಾಗಿ, ನನಗಷ್ಟೇ ಕೇಳುವಂತೆ ಅಂದ:

"ಇದನ್ನ ಬರದಿದ್ರ ನಿಮ್ಮ ಸರ್ರಿಗೆ ಕಷ್ಟ ಸಾಲತಿತ್ತು."