ಚಳಿಯಲ್ಲಿ ಕೈಕೊಡುವ ಬೆಸುಗೆ

ಆ ಮಾತನ್ನು ವರ್ಲಿನ್ ಸ್ಟಕಿ ಇವತ್ತಿಗೂ ಮರೆತಿಲ್ಲ. ಆಡಿದವನು ಅವನ ಹೆಂಡತಿ ಮಾರ್ಲಾಳ ಅಣ್ಣ, ಡ್ವೇನ್ ಪ್ಲೆಚರ್. ಆಡಿದ್ದು ಮನೆಯೊಳಗಲ್ಲ, ಹಿಕರಿ ಬೀದಿಯ ನಟ್ಟನಡುವೆ, ಸಾಲುಗಟ್ಟಿ ನಿಂತ ಕಾರುಗಳ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ.

"ಅಂಗಡೀಲಿ ತಂದಿದ್ರೆ ಇಷ್ಟೊತ್ತಿಗೆ ಎಲ್ಲಾರೂ ನೋಡ್ಕೊಂಡು ಮನೆ ಸೇರಿರ್ತಿದ್ರು ವರ್ಲ್. ಕೈಯಲ್ಲಿ ಮಾಡಿದ್ದು ಅಂದ್ರೆ ಇಷ್ಟೇ ಕಣಯ್ಯ."

ಜನ ನಕ್ಕರು. ನಗುವ ಹಾಗೇ ಇತ್ತು ಬಿಡಿ ಅವತ್ತಿನ ಪಾಡು. ನವೆಂಬರ್ ತಿಂಗಳು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಶುಕ್ರವಾರ ಸಂಜೆ ಆರಕ್ಕೆ, ಕ್ರಿಸ್ಮಸ್ ದೀಪ ಹೊತ್ತ ವರ್ಲಿನ್ ಮನೆಯ ಮಾಡು, ಮರ, ಬೇಲಿ ಎಲ್ಲವೂ ಅವನೇ ಬೆಸೆದ ಯಂತ್ರದ ಅಪ್ಪಣೆಯಂತೆ ಹಾಡಿನ ತಾಳಕ್ಕೆ ಸರಿಯಾಗಿ ಬೆಳಗಿ ಆರುತ್ತಿದ್ದವು. ಕಾರಿನ ರೇಡಿಯೋದಲ್ಲಿ ಹಾಡು, ಗಾಜಿನಾಚೆ ದೀಪ. ಆರೂ ಇಪ್ಪತ್ತಕ್ಕೆ ಅರ್ಧ ಮನೆ ಆರಿತು, ಹಿಂದೆಯೇ ಉಳಿದರ್ಧವೂ ಕತ್ತಲಾಯಿತು. ಈಗ ಹತ್ತುತ್ತದೆ, ಇನ್ನೇನು ಹತ್ತುತ್ತದೆ ಎಂದು ಯಾರೂ ಕಾರು ಕದಲಿಸಲಿಲ್ಲ. ಹಿಂದಿನಿಂದ ಬಂದ ಆಂಬುಲೆನ್ಸ್ ಕಾಲು ಗಂಟೆ ಅಲ್ಲೇ ಸಿಕ್ಕಿಕೊಂಡಿತು. ಒಳಗಿದ್ದ ಮುದುಕಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಊರಿನ ಸಭೆಯವರು ಕಾಗದ ಬರೆದರು: ಮುಂದಿನ ವರ್ಷ ಒಂದೇ ಒಂದು ಅವಕಾಶ. ಮೊದಲ ಸಂಜೆ ಮತ್ತೆ ಹೀಗಾದರೆ ಹಿಕರಿ ಬೀದಿಯಲ್ಲಿ ದೀಪದಾಟಕ್ಕೆ ಪರವಾನಗಿಯೇ ಇಲ್ಲ.

ಆ ಕಾಗದವನ್ನು ವರ್ಲಿನ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಹಾಲು ತೆಗೆಯಲು ಹೋದಾಗಲೆಲ್ಲ ಓದುತ್ತಿದ್ದ, ಓದಿದಾಗಲೆಲ್ಲ ಬಾಗಿಲನ್ನು ದಢಾರನೆ ಹಾಕುತ್ತಿದ್ದ.

ಅವನಿಗೆ ಆ ವರ್ಷ ಬೇರೆ ಕೆಲಸವೂ ಇರಲಿಲ್ಲ. ಇಂಡಿಯಾನಾದ ನಮ್ಮ ಈ ಕಡೆ, ರಜೆಗೆ ಹೋಗುವವರು ಎಳೆದುಕೊಂಡು ತಿರುಗುವ ಮನೆಗಾಡಿಗಳನ್ನು ಕಟ್ಟುವುದೇ ಎಲ್ಲರ ಅನ್ನ. ಇಪ್ಪತ್ತೆರಡು ವರ್ಷ ಅಂಥ ಗಾಡಿಗಳ ಗೋಡೆಯೊಳಗೆ ತಂತಿ ಎಳೆದವನು ವರ್ಲಿನ್. ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಐವತ್ಮೂರು ವರ್ಷದ, ಹೈಸ್ಕೂಲು ಮುಗಿಸದ ಮನುಷ್ಯನಿಗೆ ಬೆಳಿಗ್ಗೆ ಐದಕ್ಕೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಎದ್ದು ಏನು ಮಾಡುವುದು? ನೆಲಮಾಳಿಗೆಗೆ ಇಳಿದು ಬೆಸುಗೆ ಕಡ್ಡಿ ಕಾಯಲು ಇಡುತ್ತಿದ್ದ.

ದೇಶದ ತುಂಬ ಅವನಂಥವರಿದ್ದಾರೆ. ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡು, ನೂರಿನ್ನೂರು ಜನ ಸೇರಿ ಒಟ್ಟಿಗೆ ಬರಿಯ ಹಸಿರು ಸರ್ಕಿಟ್ ಬೋರ್ಡುಗಳನ್ನು ಮಾಡಿಸುತ್ತಾರೆ. ಟಪಾಲಿನಲ್ಲಿ ಬರುವುದು ಒಂದು ಬೋರ್ಡು, ಚೀಲದ ತುಂಬ ಕಾಳಿನಂಥ ಬಿಡಿಭಾಗಗಳು. ಒಂದೊಂದನ್ನೂ ಅದರ ತೂತಿಗೆ ಇಳಿಸಿ, ಹಿಂದಿನಿಂದ ಕಾಲುಗಳನ್ನು ಬೆಸೆದರೆ ಹದಿನಾರು ದೀಪದ ಸರಮಾಲೆಗಳನ್ನು ಕುಣಿಸುವ ಕಂಟ್ರೋಲರು ಆಗುತ್ತದೆ. ವರ್ಲಿನ್ ಹಳೆಯದನ್ನೆಲ್ಲ ಕಸಕ್ಕೆ ಹಾಕಿ ಹೊಸದಾಗಿ ನಾಲ್ಕು ಮಾಡಿದ. ಕಂಪ್ಯೂಟರಿನಿಂದ ಹೊರಟ ಅಪ್ಪಣೆ ಮೊದಲನೆಯದಕ್ಕೆ, ಅದರಿಂದ ಎರಡನೆಯದಕ್ಕೆ, ಹೀಗೆ ಒಂದರ ಬಾಲಕ್ಕೆ ಇನ್ನೊಂದು. ನಡುವೆ ಒಂದು ಕೈಕೊಟ್ಟರೆ ಅದರಿಂದಾಚೆ ಎಲ್ಲ ಕತ್ತಲು.

ಕಣ್ಣು ಚುರುಕು, ಕೈಯೂ ಚುರುಕೇ. ಕೂತಲ್ಲಿ ಕೂರಲಾಗದ್ದೇ ಅವನ ರೋಗ. ಹತ್ತು ನಿಮಿಷಕ್ಕೊಮ್ಮೆ ಎದ್ದು ಮೇಲೆ ಹೋಗಿ ಕಿಟಕಿಯಲ್ಲಿ ಬೀದಿ ನೋಡಿ ಬರುತ್ತಿದ್ದ.

"ಏನು ನೋಡ್ತಿದೀಯ? ಜುಲೈ ತಿಂಗಳು ಇದು. ಯಾವ ಕಾರೂ ಬಂದಿಲ್ಲ" ಎನ್ನುತ್ತಿದ್ದಳು ಮಾರ್ಲಾ.

"ನಿನ್ನಣ್ಣ ಬಂದ್ರೆ ಬಾಗ್ಲು ತೆಗೀಬೇಡ."

"ಅವನು ಹೇಳಿ ಎಂಟು ತಿಂಗಳಾಯ್ತು ವರ್ಲ್. ಅವನಿಗೆ ನೆನಪೂ ಇಲ್ಲ."

"ನನಗಿದೆಯಲ್ಲ."

ಮತ್ತೆ ನವೆಂಬರ್ ಬಂತು. ಹಬ್ಬದ ಗುರುವಾರ ಬಾಗಿಲು ತೆಗೆಯದೆ ವಿಧಿಯಿರಲಿಲ್ಲ. ಡ್ವೇನ್ ಬಂದ, ಹೆಂಡತಿ ಬಂದಳು, ಜೊತೆಗೆ ಮಗಳು ಕೆಂಡ್ರಾ. ಅವಳು ಸೇನೆಯಲ್ಲಿದ್ದಳು. ಹನ್ನೊಂದು ತಿಂಗಳ ಮೇಲೆ ಮನೆಗೆ ಬಂದವಳು ಶುಕ್ರವಾರ ಸಂಜೆಯೇ ಹೊರಡಬೇಕಿತ್ತು, ಈ ಸಲ ಕಡಲಾಚೆಗೆ. ಟರ್ಕಿ ಕೋಳಿ, ಆಲೂಗಡ್ಡೆಯ ಮುದ್ದೆಯ ಮೇಲೆ ಸುರಿದ ನೂಡಲ್ಸು, ಸಿಹಿಗೆ ಸಕ್ಕರೆ ಕೆನೆಯ ಪೈ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಡ್ವೇನನ ಬಾಯಿ ಸುಮ್ಮನಿರಬೇಕಲ್ಲ.

"ನಾಳೆ ರಾತ್ರಿ ನಾನೂ ಬರ್ತೀನಿ. ಟಾರ್ಚು ತರ್ಲಾ ವರ್ಲ್?"

ವರ್ಲಿನ್ ಫೋರ್ಕು ಕೆಳಗಿಟ್ಟು ಎದ್ದು ನೆಲಮಾಳಿಗೆಗೆ ಇಳಿದ. ಪೈ ತಿನ್ನಲೂ ಮೇಲೆ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಳ್ಳೆ ಬಿಸಿಲು. ನಾಲ್ಕೂ ಬೋರ್ಡುಗಳನ್ನು ನೀರು ಸೋರದ ಬೂದು ಡಬ್ಬಿಗಳಲ್ಲಿಟ್ಟು ಅಂಗಳದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದ. ಅರವತ್ನಾಲ್ಕು ಸರಮಾಲೆಗಳೂ ಹೇಳಿದಂತೆ ಕೇಳಿದವು. ಒಂದು ಗಂಟೆಗೆ ಮೋಡ ಕವಿಯಿತು, ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಎದ್ದಿತು. ಮತ್ತೆ ನೋಡಿದರೆ ಎರಡನೆಯ ಬೋರ್ಡಿನಿಂದಾಚೆ ಏನೂ ಇಲ್ಲ. ಬಿಚ್ಚಿ ಒಳಗೆ ತಂದು ಬೆಂಚಿನ ಮೇಲಿಟ್ಟ, ಸರಿಯಾಗಿ ನಡೆಯಿತು. ಹೊರಗಿಟ್ಟ, ಇಪ್ಪತ್ತು ನಿಮಿಷದಲ್ಲಿ ಸತ್ತಿತು. ಒಳಗೆ ತಂದ, ಬದುಕಿತು. ಮೂರು ಸಲ ಮೆಟ್ಟಿಲು ಹತ್ತಿ ಇಳಿದ. ಮೂರನೆಯ ಸಲ ಅವನ ಸ್ಕ್ರೂಡ್ರೈವರು ಹಾರಿ ಗೋಡೆಗೆ ಬಡಿದ ಸದ್ದು ಅಡುಗೆಮನೆಗೆ ಕೇಳಿಸಿತು.

ಮಾರ್ಲಾ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು.

ಮೂರಕ್ಕೆ ಡ್ವೇನ್ ತನ್ನ ಲಾರಿಯನ್ನೇ ತಂದು ಬಾಗಿಲ ಮುಂದೆ ನಿಲ್ಲಿಸಿದ. ಹೆಪ್ಪುಗಟ್ಟಿಸಿದ ಮಾಂಸ, ತರಕಾರಿ ಹೊತ್ತು ಅಂಗಡಿ ಅಂಗಡಿಗೆ ಇಳಿಸುವುದು ಅವನ ಕೆಲಸ. ಅವತ್ತು ಅರ್ಧ ದಿನದ ಸರದಿ ಮುಗಿದು ಗಾಡಿ ಖಾಲಿಯಿತ್ತು.

"ಯಾರು ಕರೆದ್ರು ನಿನ್ನ?" ವರ್ಲಿನ್ ಬಾಗಿಲಿಗೆ ಅಡ್ಡ ನಿಂತ.

"ನಿನ್ನ ಮುಖ ನೋಡೋಕೆ ಬಂದಿಲ್ಲ. ಹೋದ ವರ್ಷ ಯಾವಾಗ ಆರಿತ್ತು ಹೇಳು."

"ಆರೂ ಇಪ್ಪತ್ತಕ್ಕೆ. ನಿನಗೆ ಗೊತ್ತಿಲ್ವಾ? ಊರಿಗೆಲ್ಲ ಡಂಗುರ ಹೊಡೆದವನು ನೀನು."

"ಕೇಳಿದ್ದಕ್ಕೆ ಹೇಳು. ಬಿಸಿಲು ಇಳಿದ ಮೇಲೆ ತಾನೆ? ಇವತ್ತೂ ಹಂಗೇ. ನನ್ನ ಗಾಡಿಗೂ ಇದೇ ಕಾಯಿಲೆ ಬಂದಿತ್ತು. ಶೆಡ್ಡಲ್ಲಿ ನೆಟ್ಟಗಿರೋದು, ರಸ್ತೆಗೆ ಬಂದ್ರೆ ಕೈ ಎತ್ತೋದು. ಬೋರ್ಡಲ್ಲಿ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ ಅಂದ ಮೆಕ್ಯಾನಿಕ್ಕು. ಬೆಚ್ಚಗಿದ್ದಾಗ ಅಂಟ್ಕೊಂಡಿರುತ್ತೆ, ಚಳಿಗೆ ಮುದುರಿ ಬಿಟ್ಕೊಳುತ್ತೆ."

"ನನ್ನ ಬೆಸುಗೆ ಬಿಟ್ಕೊಳಲ್ಲ."

"ಸರಿ. ಹಂಗಾದ್ರೆ ನನ್ನ ಗಾಡಿ ಒಳಗಿಟ್ಟು ತೋರಿಸು."

ಬೇರೆ ದಿನವಾಗಿದ್ದರೆ ವರ್ಲಿನ್ ಅವನನ್ನು ಆಚೆ ದಬ್ಬುತ್ತಿದ್ದ. ಗಡಿಯಾರ ನೋಡಿದ. ಮೂರೂ ಹತ್ತು. ಬೋರ್ಡುಗಳನ್ನು ಎತ್ತಿಕೊಂಡ.

ಲಾರಿಯ ಒಳಗೆ ಉಸಿರು ಮೀಸೆಗೇ ಅಂಟುವಂಥ ಚಳಿ. ಕಂಪ್ಯೂಟರು ಬಾಗಿಲಾಚೆ, ತಂತಿ ಎಳೆದು ನಾಲ್ಕು ಬೋರ್ಡೂ ಒಳಗೆ, ಗುರುತಿಗೆ ಒಂದೊಂದಕ್ಕೂ ಒಂದು ಬಲ್ಬು. ಹತ್ತು ನಿಮಿಷಕ್ಕೆ ಎರಡನೆಯದು ಹೋಯಿತು. ಅದನ್ನು ಬಿಟ್ಟು ಉಳಿದವನ್ನು ಜೋಡಿಸಿದರೆ ಮೂರನೆಯದೂ ಮಿಣುಕತೊಡಗಿತು. ಡ್ವೇನ್ ತಂಗಿಯ ಮರದ ಸೌಟು ಇಸಿದುಕೊಂಡು ಬಂದ. ಮನೆ ಕರೆಂಟು ಹರಿಯುವ ಬೋರ್ಡಿಗೆ ಬೆರಳಿಡುವಂತಿಲ್ಲವಲ್ಲ. ಸೌಟಿನ ಹಿಡಿಯಿಂದ ಒಂದೊಂದೇ ಕಡೆ ಮೆಲ್ಲಗೆ ತಟ್ಟಿದ. ಒಂದು ಜಾಗಕ್ಕೆ ತಟ್ಟಿದಾಗ ಬಲ್ಬು ಹತ್ತಿ ಆರಿತು.

"ಇಲ್ಲಿ ಮುಟ್ಟಿದ್ರೆ ನೋವು ಅಂತೈತೆ ನೋಡು."

ಆ ಜಾಗವನ್ನು ಮಾರ್ಲಾಳ ಕೆಂಪು ಉಗುರುಬಣ್ಣದಿಂದ ಗುರುತು ಮಾಡಿದರು. ಹೀಗೇ ಎರಡೂ ಬೋರ್ಡು ಸೇರಿ ಆರು ಕೆಂಪು ಚುಕ್ಕಿ ಬಿದ್ದವು. ಆರೂ ಬೋರ್ಡಿನ ಅಗಲವಾದ ತಾಮ್ರದ ಹಾಳೆಗೆ ಸೇರುವ ಕಾಲುಗಳು. ನೋಡಿದ ಕೂಡಲೇ ವರ್ಲಿನನಿಗೆ ಗೊತ್ತಾಯಿತು, ಗೊಣಗುತ್ತಲೇ ಡ್ವೇನನಿಗೂ ಹೇಳಿದ. ಬೇರೆ ಕಾಲುಗಳು ಎರಡೆಣಿಸುವಷ್ಟರಲ್ಲಿ ಕಾಯುತ್ತವೆ. ಇವಕ್ಕೆ ಕೊಟ್ಟ ಕಾವನ್ನೆಲ್ಲ ತಾಮ್ರದ ಹಾಳೆ ಕುಡಿದುಬಿಡುತ್ತದೆ. ಐದಾರು ಎಣಿಸುವತನಕ ಕಡ್ಡಿ ಎತ್ತಬಾರದು, ಆಗ ಬೆಸುಗೆ ಕರಗಿದ ತುಪ್ಪದಂತೆ ಹರಡಿ ಕಚ್ಚಿಕೊಳ್ಳುತ್ತದೆ. ಅವನು ಎಲ್ಲಕ್ಕೂ ಎರಡೇ ಎಣಿಸಿದ್ದ. ಎಣಿಸಿ, ಎದ್ದು, ಕಿಟಕಿಗೆ ಹೋಗಿದ್ದ.

ನಾಲ್ಕೂಕಾಲಿಗೆ ಬೋರ್ಡುಗಳು ನೆಲಮಾಳಿಗೆಗೆ ಬಂದವು. ಬೆಚ್ಚಗಿನ ಗಾಳಿ ತಾಗಿ ಮೈತುಂಬ ಬೆವರಿದವು, ಮಾರ್ಲಾ ತಲೆಗೂದಲ ಡ್ರೈಯರಿನಿಂದ ಒಣಗಿಸಿದಳು. ವರ್ಲಿನ್ ಕಡ್ಡಿ ಹಿಡಿದ. ಡ್ವೇನ್ ಹಿಂದೆ ನಿಂತು ಟಾರ್ಚು ಹಿಡಿದ.

"ಒಂದು. ಎರಡು. ಎತ್ಬೇಡ."

"ನನಗೆ ಎಣಿಸೋಕೆ ಬರುತ್ತೆ."

"ಬರಲ್ಲ ಅಂತ ಆರು ಕಡೆ ಬರೆದಿದೀಯಲ್ಲ. ಮೂರು. ನಾಲ್ಕು."

"ಬಾಯಿ ಮುಚ್ಚು ಡ್ವೇನ್."

"ಐದು. ಈಗ ಎತ್ತು. ನೋಡು, ಹೊಳೀತಾ ಐತೆ."

ಡ್ವೇನನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿ, ಒತ್ತಿ ಸುಮ್ಮನಾಗಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ಯಾರದು?" ಎಂದ ವರ್ಲಿನ್, ತಲೆ ಎತ್ತದೆ.

"ಯಾರೂ ಇಲ್ಲ. ನೀನು ಕಾಯಿಸು."

ಆರು ಚುಕ್ಕಿ ಮುಗಿಸಿದ ಮೇಲೂ ಡ್ವೇನ್ ಬಿಡಲಿಲ್ಲ. ಅದೇ ಹಾಳೆಗೆ ಸೇರುವ ಕಾಲು ನಾಲ್ಕೂ ಬೋರ್ಡಿನಲ್ಲಿ ಎಷ್ಟಿವೆಯೋ ಅಷ್ಟನ್ನೂ ಮತ್ತೆ ಕಾಯಿಸು ಎಂದ. ಎಲ್ಲಕ್ಕೂ ತಾನೇ ಎಣಿಸಿದ. ವರ್ಲಿನನ ಕಾಲು ಬೆಂಚಿನ ಕೆಳಗೆ ಕುದುರೆಯ ಕಾಲಿನಂತೆ ನೆಲ ಕೆರೆಯುತ್ತಿತ್ತು, ಕೈ ಮಾತ್ರ ನಿಂತಿತ್ತು. ಮತ್ತೆ ಲಾರಿಗೆ ಒಯ್ದು ಕಾಲು ಗಂಟೆ ಚಳಿಯಲ್ಲಿಟ್ಟರು. ನಾಲ್ಕು ಬಲ್ಬುಗಳೂ ಕಣ್ಣು ಮಿಟುಕಿಸಲಿಲ್ಲ. ಐದೂವರೆಗೆ ಡಬ್ಬಿಗಳು ಅಂಗಳದಲ್ಲಿ ಕೂತವು.

ಆರಕ್ಕೆ ಹಾಡು ಶುರುವಾಯಿತು. ಆರೂ ಇಪ್ಪತ್ತರ ಹೊತ್ತಿಗೆ ವರ್ಲಿನ್ ದೀಪ ನೋಡುತ್ತಿರಲಿಲ್ಲ, ಬೇಲಿ ಹಿಡಿದು ಕೈಗಡಿಯಾರ ನೋಡುತ್ತಿದ್ದ. ಆರೂ ಇಪ್ಪತ್ತೊಂದಾಯಿತು. ಇಪ್ಪತ್ತೈದಾಯಿತು. ಕಾರುಗಳು ನೋಡಿಕೊಂಡು ಮೆಲ್ಲಗೆ ಮುಂದೆ ಸಾಗಿದವು, ಹೋಗುವಾಗ ಬಡವರಿಗೆಂದು ಇಟ್ಟಿದ್ದ ಪೀಪಾಯಿಗೆ ಒಳಗಿದ್ದವರು ಮುಚ್ಚಿದ ಆಹಾರದ ಡಬ್ಬಿಗಳನ್ನು ಹಾಕಿದರು. ಊರಿನ ಸಭೆಯವನೊಬ್ಬ ಕಿಟಕಿ ಇಳಿಸಿ ಹೆಬ್ಬೆರಳು ತೋರಿಸಿದ. ಒಂಬತ್ತರವರೆಗೂ ಒಂದೇ ಒಂದು ಸರ ತಪ್ಪಲಿಲ್ಲ.

ವರ್ಲಿನ್ ಸುತ್ತ ಹುಡುಕಿದ. ಅವನಿಗೆ ಈಗ ಡ್ವೇನ್ ಬೇಕಿತ್ತು. ಬೀದಿ ನಡುವೆ ಆಡಿದ ಮಾತನ್ನು ಬೀದಿ ನಡುವೆಯೇ ಹಿಂದಕ್ಕೆ ತೆಗೆದುಕೊಳ್ಳಲಿ ಎಂದು. ಲಾರಿ ಇರಲಿಲ್ಲ.

"ಓಡಿದ ನೋಡು ನಿನ್ನಣ್ಣ" ಎಂದ ಒಳಗೆ ಬಂದು. "ಸೋತೆ ಅನ್ನೋಕೆ ನಾಲಿಗೆ ಏಳಲ್ಲ ಅವನಿಗೆ."

ಮಾರ್ಲಾ ಪಾತ್ರೆ ಒರೆಸುತ್ತಿದ್ದಳು. "ಐದೂವರೆಗೇ ಹೋದ. ಸೌತ್ ಬೆಂಡಿನಿಂದ ಕೆಂಡ್ರಾ ವಿಮಾನ ಆರಕ್ಕೆ. ವಿಮಾನ ತಡ ಆದ್ರೆ ಸಿಕ್ತಾಳೇನೋ ಅಂತ ಓಡಿದ. ಸಿಗಲಿಲ್ಲ. ಅವಳು ನಾಲ್ಕಕ್ಕೇ ಅವರಮ್ಮನ ಜೊತೆ ಹೊರಟಿದ್ದಳು. ಅಪ್ಪಂಗೆ ಫೋನು ಮಾಡ್ತಾನೇ ಇದ್ಲಂತೆ."

ವರ್ಲಿನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಮತ್ತೆ ಎತ್ತಿಕೊಂಡ.

"ನನಗ್ಯಾಕೆ ಹೇಳ್ಲಿಲ್ಲ ಅವನು?"

"ಹೇಳಿದ್ರೆ ಕಳಿಸ್ತಿದ್ದೆಯಾ?"

ಕಳಿಸುತ್ತಿದ್ದೆ ಎನ್ನಲು ಬಾಯಿ ತೆರೆದ. ಮೂರೂ ಹತ್ತಕ್ಕೆ ಗಡಿಯಾರ ನೋಡಿ ಬೋರ್ಡುಗಳನ್ನು ಎತ್ತಿಕೊಂಡದ್ದು ನೆನಪಾಯಿತು.

ಕೆಂಡ್ರಾ ಮತ್ತೆ ಮನೆಗೆ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ವರ್ಲಿನ್ ಎರಡು ಸಲ ಡ್ವೇನನ ಮನೆಗೆ ಹೋಗಿದ್ದ. ಮೊದಲ ಸಲ ಹಿಮದ ಟೈರುಗಳ ಬಗ್ಗೆ ಮಾತಾಡಿ ಕಾಫಿ ಕುಡಿದು ಬಂದ. ಎರಡನೆಯ ಸಲ ಅಂಗಳದ ಹಿಮ ಎತ್ತಿಹಾಕಿ, ಬಾಗಿಲು ತಟ್ಟದೆ ಬಂದ. ಡ್ವೇನ್ ಅಂಗಡಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ವರ್ಲಿನ್ ಅದನ್ನು ಬಿಟ್ಟುಕೊಡಲೂ ಇಲ್ಲ. ಯಾರಾದರೂ ಕೇಳಿದರೆ ಇವತ್ತಿಗೂ ಸಿಟ್ಟಿನಿಂದಲೇ ಹೇಳುತ್ತಾನೆ. ಆದರೆ ವಿಮಾನ ನಿಲ್ದಾಣದಲ್ಲಿ ಒಬ್ಬ ಅಪ್ಪ ಮಗಳ ಜೊತೆ ಕಳೆಯಬಹುದಾಗಿದ್ದ ಆ ಒಂದು ಗಂಟೆಯನ್ನು ಯಾವುದರಿಂದ ತೀರಿಸುವುದು ಎಂಬುದು ಅವನಿಗೆ ಹೊಳೆಯಲಿಲ್ಲ. ಡ್ವೇನ್ ಯಾವತ್ತೂ ಕೇಳಲಿಲ್ಲ. ಆ ಸಾಲ ಹಾಗೇ ಉಳಿದಿದೆ.